ಮುಕ್ತಾಬಾಯಿ ಒತ್ತಿದ ಕ್ಲಚ್ಚು

ರೇವಣ್ಣನ ಹಳೆಯ ಡೀಸೆಲ್ ಕಾರು ಹತ್ತು ವರ್ಷ ಸೋಲಾಪುರದಿಂದ ಅಕ್ಕಲಕೋಟೆಗೆ ಭಕ್ತರನ್ನು ಹೊತ್ತು ತಿರುಗಿತ್ತು. ಹೆಂಡತಿ ಮುಕ್ತಾಬಾಯಿಯ ಮೂತ್ರಪಿಂಡಗಳು ಕೆಟ್ಟ ಮೇಲೆ ಮಂಗಳವಾರ, ಶುಕ್ರವಾರ ಅದು ಅವಳದೇ ಗಾಡಿಯಾಯಿತು. ಆ ಎರಡು ದಿನ ಅವಳು ಅಕ್ಕಲಕೋಟೆಯ ಮನೆಯಿಂದ ಸೋಲಾಪುರದ ಆಸ್ಪತ್ರೆಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್‌ಗೆ ಮಲಗಬೇಕು. ಒಮ್ಮೆ ಸರದಿ ತಪ್ಪಿದಾಗ ಎದೆಯಲ್ಲಿ ನೀರು ತುಂಬಿ ಅವಳು ಉಸಿರಿಗಾಗಿ ಪಟ್ಟ ಪಾಡನ್ನು ರೇವಣ್ಣ ಕಣ್ಣಾರೆ ಕಂಡಿದ್ದ. ಬಸ್ಸಿನಲ್ಲಿ ಕರೆತಂದ ದಿನ ನಿಲ್ದಾಣದಲ್ಲೇ ಕುಸಿದಿದ್ದಳು.

ದೀಪಾವಳಿ ಕಳೆದ ಮೇಲೆ ಗಾಡಿ ನಡುಗತೊಡಗಿತು. ನಿಂತಲ್ಲೇ ಸ್ಟೇರಿಂಗ್ ಅದುರುತ್ತಿತ್ತು. ಗೇರ್ ಹಾಕಿದರೆ ಬಾನೆಟ್ಟಿನೊಳಗೆ ಧಡ್ ಎಂದು ಏನೋ ಬಡಿಯುತ್ತಿತ್ತು. ಮರಳುವಾಗ ಮುಕ್ತಾಬಾಯಿ ಸೂಜಿ ಚುಚ್ಚಿದ ಕೈಯನ್ನು ಎದೆಗವಚಿ ಹಿಡಿದು, ದಾರಿಯ ಕುಂಭಾರಿ ಊರು ದಾಟುವಷ್ಟರಲ್ಲಿ ವಾಂತಿ ಮಾಡುತ್ತಿದ್ದಳು.

ಗ್ಯಾರೇಜಿನ ಅಮೋಲ ಸದ್ದು ಕೇಳಿಯೇ ತಲೆಯಾಡಿಸಿದ. "ಕಾಕಾ, ಇಂಜಿನ್ ಖಲಾಸ್ ಆಗ್ಯಾದ್ರಿ. ಪೂರಾ ಬಿಚ್ಚಬೇಕು. ಹದಿನೈದು ದಿವಸ ಬಿಟ್ಟು ಹೋಗ್ರಿ."

"ಹದಿನೈದು ದಿವಸ ನಾ ಎಲ್ಲಿಂದ ತರ್ಲಿ? ಆಕಿ ಕಡಿ ಅಷ್ಟು ದಿವಸ ಇಲ್ಲೋ!"

ಮರುದಿನ ಮನೆಯ ಮುಂದಿನ ಬೇವಿನ ಮರದಡಿ ತಾನೇ ಬಾನೆಟ್ ಎತ್ತಿದ. ಎಂಜಿನ್ ಹೇಗೆ ಅಲುಗುತ್ತದೆಂದು ನೋಡಲು ಒಳಗೆ ಇನ್ನೊಬ್ಬರು ಕೂರಬೇಕಿತ್ತು. ಮನೆಯಲ್ಲಿದ್ದವಳು ಮುಕ್ತಾಬಾಯಿ ಒಬ್ಬಳೇ. ಮೊದಲ ಸಲ ಅವಳು ಚಾಲಕನ ಸೀಟಿನಲ್ಲಿ ಕುಳಿತಳು. ರೇವಣ್ಣ ಗಾಡಿ ಚಾಲೂ ಮಾಡಿ, ಅವಳಿಂದ ಕ್ಲಚ್ಚು ಒತ್ತಿಸಿ ಗೇರ್ ಹಾಕಿದ.

"ಬಲಗಾಲ ಬ್ರೇಕ್ ಮ್ಯಾಲ ಗಟ್ಟಿ ಇಡು. ನಾ ಅಂದಾಗ ಕ್ಲಚ್ ಸಾವಕಾಶ ಬಿಡು."

"ಗಾಡಿ ನಿಮ್ಮ ಮ್ಯಾಲ ಬಂದ್ರ?"

"ಬಾಜೂಕ ನಿಂತೀನಿ. ಬಿಡು."

ಅವಳ ಬಾತ ಎಡಗಾಲು ಕ್ಲಚ್ಚನ್ನು ಅರ್ಧ ಬಿಟ್ಟಿತು. ಎಂಜಿನ್ ಒಂದು ಮಗ್ಗುಲಿಗೆ ನಾಲ್ಕು ಬೆರಳು ಎದ್ದು, ಧಡ್ಡನೆ ಬಿತ್ತು. ರೇವಣ್ಣ ಬ್ಯಾಟರಿ ದೀಪ ಹಿಡಿದು ಕೆಳಗೆ ಬಗ್ಗಿದ. ಎಂಜಿನ್ನನ್ನು ಹೊತ್ತ ಮೌಂಟಿಂಗುಗಳ ರಬ್ಬರು ಸೀಳಿ, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

"ಇಂಜಿನ್ ಸತ್ತಿಲ್ಲ ಮುಕ್ತಾ! ಅದು ಕುಂತ ರಬ್ಬರ್ ಹರದಾವ!"

ಮಂಗಳವಾರ ಅವಳು ಆಸ್ಪತ್ರೆಯಲ್ಲಿದ್ದಾಗ ವಿಜಾಪುರ ರಸ್ತೆಯ ಅಂಗಡಿಯಿಂದ ಬೋಲ್ಟುಗಳ ಸಮೇತ ಮೂರು ಹೊಸ ಮೌಂಟಿಂಗ್ ತಂದ. ಬುಧವಾರ ಜಾಕಿನ ಮೇಲೆ ಹಲಗೆಯಿಟ್ಟು ಎಂಜಿನ್ನಿಗೆ ಆಸರೆ ಕೊಟ್ಟು, ಹಳೆಯವನ್ನು ಬಿಚ್ಚತೊಡಗಿದ. ಎರಡು ಬಂದವು. ಮೂರನೆಯದರ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡೀಸೆಲ್ ಸುರಿದ, ಸುತ್ತಿಗೆಯಿಂದ ಬಡಿದ. ಗುರುವಾರ ಸಂಜೆಗೆ ಬೋಲ್ಟಿನ ಮೂಲೆಗಳೇ ಸವೆದು, ಅದನ್ನು ತಿರುಗಿಸುವ ಪಾನಾ ಜಾರತೊಡಗಿತು.

ಶುಕ್ರವಾರ ಬೆಳಿಗ್ಗೆಯೂ ಎಂಜಿನ್ ಜಾಕಿನ ಮೇಲೆಯೇ ಇತ್ತು. ಹನ್ನೊಂದಕ್ಕೆ ಸರದಿ. ಓಣಿಯ ಇನ್ನೊಂದು ಗಾಡಿ ಲಾತೂರಿಗೆ ಹೋಗಿತ್ತು. ಹೊಸ್ತಿಲಲ್ಲಿ ಕುಳಿತ ಮುಕ್ತಾಬಾಯಿಗೆ ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆಯಬೇಕಿತ್ತು. ರೇವಣ್ಣ ಗರಗಸದ ಅಲಗನ್ನೇ ಕೈಯಲ್ಲಿ ಹಿಡಿದು ಬೋಲ್ಟು ಕೊಯ್ದ. ಅಂಗೈ ರಕ್ತವಾಯಿತು. ಒಂಬತ್ತೂವರೆಗೆ ಅದು ತುಂಡಾಯಿತು. ಅವಸರದಲ್ಲಿ ಹೊಸ ಮೌಂಟಿಂಗೊಂದನ್ನು ಪೂರ್ತಿ ಬಿಗಿದುಬಿಟ್ಟ. ಉಳಿದೆರಡರ ತೂತುಗಳು ಬೆರಳಷ್ಟು ಆಚೆ ನಿಂತವು. ಹಣೆ ಬಾನೆಟ್ಟಿಗೆ ಬಡಿದುಕೊಂಡು ಅತ್ತ.

"ಅಳಬ್ಯಾಡ್ರಿ," ಮುಕ್ತಾಬಾಯಿ ಏದುಸಿರಲ್ಲಿ ಹೇಳಿದಳು. "ಬಿಗದದ್ದು... ಸಡಲ ಮಾಡ್ರಿ. ಎಲ್ಲಾ ಕುಂತ ಮ್ಯಾಲ... ಬಿಗೀರಿ."

ಸಡಿಲಿಸಿದ. ಎಂಜಿನ್ನನ್ನು ಭುಜದಿಂದ ನೂಕಿ ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ತಿರುವಿ ಕೂಡಿಸಿದ. ಜಾಕು ಇಳಿಸಿ, ಭಾರ ಕುಳಿತ ಮೇಲೆ ಬಿಗಿದ.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂಕಾಲು. ಅವಳ ಹಾಸಿಗೆಯಲ್ಲಿ ಬೇರೆ ರೋಗಿ ಮಲಗಿದ್ದ. ನರ್ಸು ಆಮ್ಲಜನಕ ಹಚ್ಚಿ, ಕಾಯಲು ಹೇಳಿದಳು. ಎರಡು ಗಂಟೆಯವರೆಗೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ರೇವಣ್ಣ ಬಾಗಿಲು ನೋಡುತ್ತ ಕುಳಿತ. ಕೊನೆಗೆ ಹಾಸಿಗೆ ಸಿಕ್ಕಿತು.

ಮರಳುವಾಗ ಗಾಡಿ ನಡುಗಲಿಲ್ಲ. ಮುಕ್ತಾಬಾಯಿ ವಾಂತಿ ಮಾಡದೆ, ಕುಂಭಾರಿ ದಾಟಿ ವಳಸಂಗದವರೆಗೆ ನಿದ್ದೆ ಹೋದಳು. ರೇವಣ್ಣ ಎರಡು ಸಲ ಗಾಡಿ ನಿಲ್ಲಿಸಿ ಅವಳ ಮೂಗಿನ ಬಳಿ ಬೆರಳಿಟ್ಟು ನೋಡಿದ.

ಮುಂದಿನ ಶ್ರಾವಣದವರೆಗೆ ಕಾರು ವಾರಕ್ಕೆರಡು ಸಲ ಹೋಗಿ ಬಂತು. ಮುಕ್ತಾಬಾಯಿ ತೀರಿಕೊಂಡ ಮೇಲೂ ಕೆಲವು ಮಂಗಳವಾರ ಅವನು ಬೆಳಿಗ್ಗೆ ಗಾಡಿ ಒರೆಸಿ, ಅವಳು ಕೂರುತ್ತಿದ್ದ ಮುಂದಿನ ಸೀಟಿಗೆ ದುಪ್ಪಟಿ ಹಾಸಿ, ಎಲ್ಲಿಗೂ ಹೋಗದೆ ಕೂಡುತ್ತಿದ್ದ.