ಗುಂಡೇರಾಯರ ದಫ್ತರದ ಗಂಟು

ಗುಂಡೇರಾಯರು ಯಾವ ಕುರ್ಚಿಯಲ್ಲೂ ನೇರವಾಗಿ ಕೂತವರಲ್ಲ. ಮೊದಲು ಅದನ್ನು ಬುಡಮೇಲು ಮಾಡಿ ನಾಲ್ಕೂ ಕಾಲು ಅಲುಗಾಡಿಸಿ ನೋಡುವರು, ಧೋತರದ ಚುಂಗಿನಿಂದ ಒರೆಸುವರು, ಆಮೇಲೆ ಅಂಚಿನ ಮೇಲೆ ಕೂಡುವರು. ಚಹಾ ಕೊಟ್ಟರೆ ನಮ್ಮ ಮನೆಯವರು ಒಂದು ಗುಟುಕು ಕುಡಿಯುವ ತನಕ ಕಪ್ಪು ಮುಟ್ಟುತ್ತಿರಲಿಲ್ಲ. ಪುಣೆಯ ಬೆಲ್ಲದಲ್ಲಿ ಏನು ಕೂಡಿಸುತ್ತಾರೋ ಎಂದು ಊರಿನಿಂದ ತಂದ ಬೆಲ್ಲದ ತುಂಡು ಸದಾ ಅವರ ಕಿಸೆಯಲ್ಲಿ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ನಾನು ಧಾರವಾಡದಿಂದ ಮದುವೆಯಾಗಿ ಪುಣೆಯ ಸದಾಶಿವ ಪೇಟೆಯ ವಾಡೆಗೆ ಬಂದು ನಾಲ್ಕು ವರ್ಷವಾಗಿತ್ತು. ಮಾಳಿಗೆಯ ಎರಡು ಕೋಣೆಗಳನ್ನು ಒಂದು ಕಮಿಶನ್ನಿಗೆ ಬಾಡಿಗೆ ಕೊಟ್ಟೆವು. ನಮ್ಮ ಕಡೆಯ ಹೊಳೆಯೊಂದರ ಎರಡು ದಂಡೆಗೆ ಎರಡು ಸಣ್ಣ ಸಂಸ್ಥಾನಗಳಿದ್ದವು. ಅಜ್ಜಂದಿರ ಕಾಲದಿಂದ ಸ್ನೇಹದ ಕರಾರು, ದಸರೆಗೆ ಒಬ್ಬರಿಗೊಬ್ಬರು ಬನ್ನಿ ಕಳಿಸುವಷ್ಟು ಸಲುಗೆ. ಆದರೂ ಜಕಾತಿ ಸುಂಕದ ಜಗಳದಲ್ಲಿ ಹೊಳೆ ದಾಟುವ ದೋಣಿ ನಿಂತುಹೋಗಿತ್ತು. ಎರಡೂ ದರಬಾರುಗಳು ಕೂಡಿ, ತಮ್ಮ ಸಂಬಂಧ ಹೇಗಿರಬೇಕೆಂದು ಸಲಹೆ ಕೊಡಲು ಕಮಿಶನ್ ನೇಮಿಸುವ ಠರಾವು ಮಾಡಿದವು. ಅತ್ತಿನವರು ಮೂವರು, ಇತ್ತಿನವರು ಮೂವರು, ನಡುವೆ ಒಬ್ಬ ನಿವೃತ್ತ ನ್ಯಾಯಾಧೀಶರು. ಯಾರ ಊರಲ್ಲಿ ಕೂತರೂ ಇನ್ನೊಬ್ಬರಿಗೆ ಸಂಶಯ, ಅದಕ್ಕೇ ಪುಣೆ. ಮೊದಲ ಸಭೆಯ ಸಿದ್ಧತೆಗೆ ಇಬ್ಬರು ಕಾರಕೂನರು ಬಂದರು. ಈಚೆ ದಂಡೆಯವರು ಗುಂಡೇರಾಯರು. ಆಚೆ ದಂಡೆಯವರು ಶಂಕರಪ್ಪ, ಹೊಟ್ಟೆ ಕುಣಿಸಿ ನಗುವ ಮನುಷ್ಯ.

ಏಳು ಕುರ್ಚಿ ಬಂದ ದಿನ ರಾಯರು ದಾರ ಹಿಡಿದು ಒಂದೊಂದರ ಎತ್ತರ ಅಳೆದರು. ಒಂದು ಕುರ್ಚಿ ಬೆರಳಷ್ಟು ಹೆಚ್ಚಿತ್ತು. ಅದು ನಮ್ಮ ಕಡೆ ಬಂದರೆ ಆಚೆ ದಂಡೆಯವರು ಸಿಟ್ಟಾಗುತ್ತಾರೆ, ಅವರ ಕಡೆ ಹೋದರೆ ನಮ್ಮವರು ಸಣ್ಣವರಾಗುತ್ತಾರೆ ಎಂದು ಮಧ್ಯಾಹ್ನದ ತನಕ ಚಿಂತೆ. ಕಡೆಗೆ ಶಂಕರಪ್ಪನವರೇ ಅದನ್ನು ಎತ್ತಿ ನ್ಯಾಯಾಧೀಶರ ಜಾಗದಲ್ಲಿಟ್ಟರು. ಇಷ್ಟು ಬೇಗ ಒಪ್ಪಿದ್ದರಲ್ಲಿ ಏನೋ ಹಿಕಮತ್ತು ಇದೆ ಎಂದು ರಾಯರು ಎರಡು ದಿನ ಆ ಕುರ್ಚಿಯನ್ನೇ ದಿಟ್ಟಿಸಿದರು.

“ಗೆಳೆತನ ಅದ ಅಂತನ ಕೀಲಿ ಬೇಕು, ತಂಗೀ,” ಎನ್ನುತ್ತಿದ್ದರು ನನಗೆ. “ವೈರಿ ನಮ್ಮನಿಗೆ ಎಲ್ಲಿ ಬರ್ತಾನ?”

ಅವರ ಕಾಗದಗಳೆಲ್ಲ ಕೆಂಪು ಬಟ್ಟೆಯ ದಫ್ತರದಲ್ಲಿರುತ್ತಿದ್ದವು. ಅದಕ್ಕೆ ಅವರದೇ ಗಂಟು: ಮೂರು ಸುತ್ತು, ತುದಿ ಎಡಕ್ಕೆ, ಒಳಗೆ ಮಡಚಿದ್ದು. ಕಸ ಹೊಡೆಯಲು ಮಾಳಿಗೆಯ ಕೀಲಿ ನನ್ನ ಹತ್ತಿರವೂ ಇತ್ತು, ಆದರೆ ದಫ್ತರ ಮುಟ್ಟುವುದಿಲ್ಲವೆಂದು ತುಳಸಿಯ ಮುಂದೆ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಒಂದು ಮಧ್ಯಾಹ್ನ ನಾನು ಹಪ್ಪಳ ಒಣಗಿಸುತ್ತಿದ್ದಾಗ ರಾಯರು ಮೆಟ್ಟಿಲ ಮೇಲೆ ಬಂದು ಕೂತರು. ಅವರ ಒಬ್ಬಳೇ ಮಗಳನ್ನು ಆಚೆ ದಂಡೆಗೆ ಕೊಟ್ಟಿತ್ತಂತೆ. ಚೊಚ್ಚಲು, ಏಳನೆಯ ತಿಂಗಳು. ತವರಿಗೆ ಕರೆತರಬೇಕೆಂದರೆ ದೋಣಿಯಿಲ್ಲ. ಸೇತುವೆಗೆ ಸುತ್ತು ಹಾಕಿ ಎರಡು ದಿನ ಚಕ್ಕಡಿಯಲ್ಲಿ ಬಸುರಿಯನ್ನು ಕುಲುಕಾಡಿಸುವ ಹಾಗಿಲ್ಲ. ಕಮಿಶನ್ ಕೂತರೆ ಮೊದಲ ದಿನವೇ ದೋಣಿ ಬಿಡಿಸುವುದೆಂದು ಎರಡೂ ಕಡೆ ಒಳಗೊಳಗೆ ಒಪ್ಪಿಗೆಯಾಗಿತ್ತು. ಅಷ್ಟು ಹೇಳಿದ್ದಕ್ಕೇ ಅವರಿಗೆ ಪಶ್ಚಾತ್ತಾಪವಾಯಿತು. ಯಾರಿಗಾದರೂ ಹೇಳಿದೆಯಾ ಎಂದು ಮರುದಿನ ಎರಡು ಸಲ ಕೇಳಿದರು.

ಸಭೆಗೆ ಎಂಟು ದಿನ ಇತ್ತು. ರಾಯರು ಟಪಾಲು ಕಚೇರಿಗೆ ಹೋಗಿದ್ದಾಗ ಕಸ ಹೊಡೆಯಲು ಹೋದೆ. ಬೆಲ್ಲದ ಪುಡಿ ಉದುರಿ, ಗೋಡೆಯಿಂದ ದಫ್ತರದ ತನಕ ಕೆಂಪು ಇರುವೆಯ ಸಾಲು. ಮಾತು ಕೊಟ್ಟದ್ದು ನೆನಪಿತ್ತು. ಆದರೆ ಕಣ್ಣೆದುರು ಇರುವೆ ಮುತ್ತಿದ್ದನ್ನು ನೋಡಿ ಸುಮ್ಮನಿರಲು ನನ್ನ ಕೈಲಾಗಲಿಲ್ಲ. ಬಿಚ್ಚಿದೆ, ಕಾಗದ ಝಾಡಿಸಿದೆ, ಬಿಸಿಲಿಗೆ ಹಿಡಿದೆ, ಮತ್ತೆ ಕಟ್ಟಿಟ್ಟೆ. ಶಾವಿಗೆಯ ಬಟ್ಟೆಯನ್ನು ಹೇಗೆ ಕಟ್ಟುತ್ತೇನೋ ಹಾಗೆ. ಅದೇ ಸಂಜೆ, ರಾಯರು ತಿರುಗಿ ಬರುವ ಮುಂಚೆಯೇ, ಬಸುರಿ ನಾದಿನಿಯ ಕುಬಸಕ್ಕೆಂದು ಸಾತಾರೆಗೆ ಹೋದೆ.

ನಾಲ್ಕನೆಯ ದಿನ ತಿರುಗಿ ಬಂದರೆ ಮಾಳಿಗೆಯಲ್ಲಿ ಮಾತಿಲ್ಲ. ಶಂಕರಪ್ಪನವರ ನಗುವೂ ಇಲ್ಲ. ಗಂಟು ಬದಲಾದದ್ದು ಕಂಡ ರಾಯರು, ಗೆಳೆಯ ಸಂಸ್ಥಾನದವರು ನಮ್ಮ ಕಾಗದ ಕದ್ದು ಓದಿದ್ದಾರೆಂದು ತಮ್ಮ ಸಂಸ್ಥಾನದ ದಿವಾನರಿಗೆ ಬರೆದಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ರಾಯರು ನನ್ನ ಮುಖವನ್ನೇ ನೋಡಿದರು. “ಹಿಂಗ ಹೇಳಂತ ನಿನಗ ಯಾರು ಕಲಿಸ್ಯಾರ, ತಂಗೀ?”

ದಫ್ತರ ಎಳೆದುಕೊಂಡು ಬಿಚ್ಚಿ, ಅವರ ಎದುರಿಗೇ ಕಟ್ಟಿದೆ. ಗಂಟನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಇದ ಗಂಟು,” ಎಂದರು. ಬೆವರೊರೆಸಿಕೊಂಡು, ತಪ್ಪು ತಮ್ಮದೇ ಎಂದು ಇನ್ನೊಂದು ಪತ್ರ ಬರೆದು ತಾವೇ ಟಪಾಲಿಗೆ ಹಾಕಿ ಬಂದರು.

ದಿವಾನರೂ ರಾಯರಂಥವರೇ. ಮೊದಲ ಪತ್ರವನ್ನು ನಂಬಿದರು, ಎರಡನೆಯದನ್ನು ನಂಬಲಿಲ್ಲ. ಮಗಳನ್ನು ಆಚೆ ಕೊಟ್ಟವನು, ಅವರ ಮುಲಾಜಿಗೆ ಬಿದ್ದು ಮಾತು ಬದಲಿಸಿದ್ದಾನೆಂದು ಬರೆದು ರಾಯರನ್ನು ತಿರುಗಿ ಕರೆಸಿಕೊಂಡರು. ಕಮಿಶನ್ ಮುಂದಕ್ಕೆ ಹೋಯಿತು, ಮತ್ತೆ ಸೇರಲೇ ಇಲ್ಲ, ದೋಣಿಯೂ ಬಿಡಲಿಲ್ಲ. ಏಳು ಕುರ್ಚಿಗಳನ್ನು ಹಮಾಲ ಒಯ್ದ. ದಿವಾನರ ಪತ್ರ ಓದಿ ರಾಯರು ಅದನ್ನು ದಫ್ತರದಲ್ಲಿಟ್ಟು ಕಟ್ಟಿದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಇಬ್ಬರು ಕಾರಕೂನರಿಗೂ ಒಂದೇ ದಿನ ಹೊರಡುವ ಹುಕುಮು, ಒಂದೇ ರೈಲು. ಟಾಂಗಾ ಬಂದಾಗ ರಾಯರು ಟ್ರಂಕಿನಿಂದ ಒಂದು ಕುಂಚಿಗೆ ತೆಗೆದರು, ಹಸುಗೂಸಿಗೆ ಹಾಕುವ ಟೊಪ್ಪಿಗೆಯಂಥದು, ಲಕ್ಷ್ಮೀ ರಸ್ತೆಯಲ್ಲಿ ಖಣದ ಬಟ್ಟೆ ಕೊಂಡು ಹೊಲಿಸಿದ್ದು. ಹಳೆಯ ಬಟ್ಟೆಯೊಂದರಲ್ಲಿ ಅದನ್ನಿಟ್ಟು ನನ್ನತ್ತ ಸರಿಸಿದರು.

“ನೀನ ಕಟ್ಟವಾ.”

ಕಟ್ಟಿಕೊಟ್ಟೆ. ಅದನ್ನು ಶಂಕರಪ್ಪನವರಿಗೆ ಕೊಟ್ಟು, ಆಚೆ ದಂಡೆಯಲ್ಲಿ ಮಗಳ ಮನೆಗೆ ಮುಟ್ಟಿಸಬೇಕೆಂದರು.

“ಒಳಗ ಏನದ ಅಂತ ನಾ ಬಿಚ್ಚಿ ನೋಡಿದ್ರ?” ಎಂದರು ಶಂಕರಪ್ಪ. ಬಹಳ ದಿನದ ಮೇಲೆ ಅವರ ಹೊಟ್ಟೆ ಸ್ವಲ್ಪ ಕುಣಿಯಿತು.

“ನೋಡ್ರಿ,” ಎಂದರು ರಾಯರು. “ನೋಡಿ, ಮತ್ತ ಕಟ್ರಿ.”

ಆಮೇಲೆ ನಾನು ಅವರನ್ನು ಕಾಣಲಿಲ್ಲ. ಟಾಂಗಾ ಓಣಿ ತಿರುಗುವಾಗ ನೋಡಿದ್ದೇ ಕಡೆ. ಆ ಬಟ್ಟೆ ಶಂಕರಪ್ಪನವರ ತೊಡೆಯ ಮೇಲಿತ್ತು. ರಾಯರ ಹೆಬ್ಬೆರಳು ಮಾತ್ರ ಅದರ ಗಂಟಿನ ಮೇಲಿತ್ತು.