ಕೊಯ್ದ ಅಂಚು

ಹೊನ್ನಾವರದ ಬಜಾರಿನಲ್ಲಿ ನನ್ನ ಅಪ್ಪನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಎಂಬತ್ತರ ದಶಕದ ಆರಂಭದಲ್ಲಿ, ಮದುವೆಯಾಗದೆ ಉಳಿದ ಮಗಳು ನಾನು, ಅಲ್ಲೇ ಗಾಜು ಕತ್ತರಿಸುತ್ತಿದ್ದೆ.

ಕುಮಟೆಯಿಂದ ಒಬ್ಬ ಮಹಾಶಯ ಬರುತ್ತಿದ್ದ. ಭಟ್ಕಳದ ಹಳೆ ಮನೆಗಳ ಬಾಗಿಲು, ಕಂಬಗಳನ್ನು ಕೀಳಿಸಿ ಮುಂಬಯಿಗೆ ಸಾಗಿಸುವುದು ಅವನ ಕಸುಬು. ಗುಜರಿಯವ ಎಂದರೆ ಉರಿದುಬೀಳುತ್ತಿದ್ದ. ತಾನು ಕಲಾ ವ್ಯಾಪಾರಿಯಂತೆ. ಒಮ್ಮೆ ಒಂದು ಎಚಿಂಗ್ ತಂದ. ತಗಡಿನ ಮೇಲೆ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿದ ಚಿತ್ರ. ಮನುಷ್ಯರಿಲ್ಲ, ಮರವಿಲ್ಲ, ಬರೀ ಕಪ್ಪು ಗೀರುಗಳು, ನಡುವೆ ಒಂದು ಬೂದು ಕಲೆ.

"ಇದು ಮಾರೂದಲ್ಲ, ನನ್ನ ಸ್ವಂತ ಸಂಗ್ರಹದ್ದು. ನಿಮಗೆಲ್ಲ ತಿಳೀದು ಬಿಡಿ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?" ಎಂದ.

ಕ್ಯಾಲೆಂಡರಿನ ದೇವರ ಪಟಗಳ ಕೆಳಗೆ, ಬಿಳಿ ಅಂಚಿನಲ್ಲಿ, ಪ್ರೆಸ್ಸಿನ ಹೆಸರಿರುತ್ತದೆ. ಅದನ್ನು ಕೊಯ್ದು ಕಟ್ಟು ಹಾಕುವುದು ರೂಢಿ. ಅಪ್ಪ ಇದರ ಅಂಚನ್ನೂ ಹಾಗೆಯೇ ಕೊಯ್ದರು. ಮಹಾಶಯ ಬಂದು, ಭೇಷ್ ಎಂದು, ಒಯ್ದ.

ವಾರದ ಮೇಲೆ ಕಸ ಗುಡಿಸುವಾಗ ಆ ಪಟ್ಟಿ ಸಿಕ್ಕಿತು. ಅದರ ಮೇಲೆ ಪೆನ್ಸಿಲಿನ ಬರಹ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಿಗೆ ತೋರಿಸಿದೆ. ಅದು ಚಿತ್ರ ಮಾಡಿದವನ ಸಹಿ, ಇಂಥ ಚಿತ್ರಗಳಿಗೆ ಅಂಚಿನಲ್ಲೇ ಸಹಿ ಹಾಕುವುದು ಎಂದು ಅವರು ತಲೆಗೆ ಕೈ ಹಚ್ಚಿದರು. ಅಪ್ಪನಿಗೆ ಅಂದು ಊಟ ಸೇರಲಿಲ್ಲ.

"ಒಬ್ಬರ ಹೆಸರು ಕೊಯ್ದೆ ಮಗಾ," ಎಂದರು.

ಮರುದಿನವೇ, ಪಟ್ಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಕುಮಟೆಯ ಬಸ್ಸು ಹತ್ತಿದರು. ಮಹಾಶಯನ ಜಗಲಿಯಲ್ಲಿ ಮುಂಬಯಿಯ ಅತಿಥಿಗಳು ಕೂತಿದ್ದರು. ಗೋಡೆಯ ಚಿತ್ರ ನೋಡುತ್ತ ಅವರಲ್ಲೊಬ್ಬರು, ಸಹಿ ಎಲ್ಲಿದೆ ಎಂದು ಕೇಳಿಬಿಟ್ಟರು. ಮಹಾಶಯ ಚಿತ್ರವನ್ನು ಅಂದೇ ಮೊದಲು ಕಂಡವನಂತೆ ಮೇಲೆ ಕೆಳಗೆ ನೋಡಿದ. ಕತ್ತೆ ಯಾರೆಂದು ನನಗೆ ಆಗ ತಿಳಿಯಿತು.

"ದೊಡ್ಡ ಕಲಾವಿದರು ಸಹಿ ಹಾಕೂದಿಲ್ಲ. ಅದೆಲ್ಲ ಸಣ್ಣವರಿಗೆ," ಎಂದ.

ಸುಮ್ಮನಿದ್ದರೆ ನಾವು ಪಾರಾಗುತ್ತಿದ್ದೆವು. ಅಪ್ಪನಿಗೆ ಆ ಜಾಣತನ ಇರಲಿಲ್ಲ.

"ಹಾಕಿದ್ರು ಸಾವ್ಕಾರ್ರೆ. ನಾನೇ ಕೊಯ್ದದ್ದು. ತಪ್ಪಾತು," ಎಂದು ಪಟ್ಟಿ ಚಾಚಿದರು.

ಅವನು ಅದನ್ನು ಮುಟ್ಟಲೂ ಇಲ್ಲ. "ಎಂತ ಮಾರಾಯಾ, ಯಾವ್ದೋ ದೇವರ ಪಟದ ಚೂರು ತಂದು ನಂಗೆ ಕೊಡ್ತೆ? ಹೋಗು, ಹೋಗು," ಎಂದು ನಕ್ಕ. ಅತಿಥಿಗಳೂ ನಕ್ಕರು. ಥೂ! ತನ್ನ ಒಂದು ಸುಳ್ಳು ಉಳಿಯಲೆಂದು, ಚಿತ್ರ ಮಾಡಿದವನ ಹೆಸರನ್ನೇ ಬೇಡವೆಂದ ಕಲಾ ವ್ಯಾಪಾರಿ! ಅವನ ಹೊಳೆಯುವ ಮೆಟ್ಟಿಲ ಮೇಲೆ ಉಗುಳದೆ ಬಂದೆನಲ್ಲ ಎಂದು ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಬಸ್ಸಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಈಗ ಇದನ್ನ ಯಾರಿಗೆ ಕೊಡೂದು?"

ಆ ಮೇಲೆ ಅವರು ಯಾವ ಪಟದ ಅಂಚನ್ನೂ ಕೊಯ್ಯಲಿಲ್ಲ. ದೇವರ ಕಾಲಡಿ ಪ್ರೆಸ್ಸಿನ ಹೆಸರು ಎಂತಕ್ಕೆ ಎಂದು ಗಿರಾಕಿಗಳು ಗೊಣಗಿದರು, ಕೆಲವರು ಬೇರೆ ಅಂಗಡಿಗೆ ಹೋದರು.

"ಮಾಡಿದವರ ಹೆಸರು. ಇರ್ಲಿ," ಎನ್ನುತ್ತ ಅಪ್ಪ ಮೊಳೆ ಹೊಡೆಯುತ್ತಿದ್ದರು.