ತಾನಾಗಿ ಎದ್ದ ದನಿ

ಮೊನ್ನೆ ಯಲಹಂಕದ ಹಳೇ ಪೇಟೆಯಲ್ಲಿ ಅಕ್ಕಸಾಲಿಗನೊಬ್ಬ ಅರಗು ಕಾಯಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರ ಕೀಲಿಮಣೆ ಕಣ್ಣ ಮುಂದೆ ಬಂತು. ದೃಷ್ಟಿ ಪೂರ್ತಿ ಹೋದ ಮೇಲೆ, ಬೆರಳಿಗೆ ಗುರುತು ಸಿಗಲೆಂದು ಅವರು ಕೆಲವು ಕೀಲಿಗಳ ಮೇಲೆ ಅರಗಿನ ಹನಿ ಹಾಕಿಸಿಕೊಂಡಿದ್ದರು...

ಪುಟ್ಟೇನಹಳ್ಳಿಯಲ್ಲಿ ನಾವು ನೆರೆಯವರು. ಅವರು ಕನ್ನಡ ವ್ಯಾಕರಣ ಕಲಿಸಿ ನಿವೃತ್ತರಾದವರು; ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಅದರ ಕೈಪಿಡಿಗಳಿಂದಲೇ ಕಲಿತವನು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸೇವೆಯೊಂದು ಅವರ ಕಂಪ್ಯೂಟರಿನಲ್ಲಿತ್ತು. ಪತ್ರಿಕೆ, ಪುಸ್ತಕ ಎಲ್ಲವೂ ಅವರಿಗೆ ಆ ದನಿಯೇ. ಆದರೆ ಕರೆಂಟು ಹೋಗಿ ಬಂದ ಮೇಲೆ ಗುಂಡಿ ಒತ್ತಿದರೆ ಯಂತ್ರ ಚಾಲೂ ಆಗುತ್ತಿತ್ತು, ದನಿ ಏಳುತ್ತಿರಲಿಲ್ಲ. ನಾನು ಹೋಗಿ ಆಜ್ಞೆ ಕೊಟ್ಟು ಅದನ್ನು ಶುರು ಮಾಡುವವರೆಗೆ ಅವರು ಮೂಕ ಯಂತ್ರದ ಮುಂದೆ ಕೂತಿರಬೇಕು. ಹಾಗೆ ಇನ್ನೊಬ್ಬರಿಗಾಗಿ ಕಾಯುವುದು ಅವರಿಗೆ ಕಣ್ಣಿಲ್ಲದಿರುವುದಕ್ಕಿಂತಲೂ ಕಷ್ಟವಾಗಿತ್ತು.

ರಿಪೇರಿಯವನು ಸೌಂಡ್ ಕಾರ್ಡ್ ಕೆಟ್ಟಿದೆ ಎಂದ. ನಾನು ಒಪ್ಪಲಿಲ್ಲ. ಕೆಟ್ಟ ಗಂಟಲು ನನ್ನನ್ನು ಕಂಡೊಡನೆ ಸರಿಹೋಗುವುದುಂಟೇ? ಒಂದು ಬೆಳಿಗ್ಗೆ, ಎಂದಿನಂತೆ ದನಿಯನ್ನು ಶುರು ಮಾಡಿದ ಮೇಲೆ, ಆ ಸೇವೆಯ ಸ್ಥಿತಿಯೇನೆಂದು ಯಂತ್ರವನ್ನೇ ಕೇಳಿ, ಉತ್ತರವನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. ‘ಆಕ್ಟಿವ್’ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ ‘ಡಿಸೇಬಲ್ಡ್’ ಎಂದೂ ಇತ್ತು.

“ಯಾರನ್ನ ಸ್ವಾಮಿ ಅದು ಹಂಗಂತಿರೋದು? ನನ್ನನ್ನೇ ತಾನೆ?” ಎಂದರು ಮೇಷ್ಟ್ರು.

ನಗು ತಡೆದುಕೊಂಡು, ಎರಡೂ ಒಟ್ಟಿಗೆ ನಿಜವಾಗುವುದು ಹೇಗೆಂದು ವಾದಿಸಿದೆ.

“ಯಾಕಾಗ್ಬಾರ್ದು? ನೀವ್ ಎಬ್ಬಿಸ್ತೀರಿ, ಅದಕ್ಕೇ ಏಳುತ್ತೆ. ತಾನಾಗೇ ಏಳು ಅಂತ ಅದಕ್ಕೆ ಯಾರ್ ಹೇಳಿದಾರೆ?”

ಕೈಪಿಡಿ ತೆರೆದೆ. ಸ್ಟಾರ್ಟ್ ಎಂದರೆ ಈ ಹೊತ್ತಿಗೆ ಎಬ್ಬಿಸುವುದು; ಎನೇಬಲ್ ಎಂದರೆ ಯಂತ್ರ ಚಾಲೂ ಆದಾಗಲೆಲ್ಲ ತಾನೇ ಏಳಬೇಕೆಂದು ಮೊದಲೇ ಹೇಳಿಡುವುದು. ಏಳು, ಎಬ್ಬಿಸು... ಮೇಷ್ಟ್ರ ಪ್ರೇರಣಾರ್ಥಕ ಕ್ರಿಯಾಪದದ ಪಾಠ! ನಾನು ಆಜ್ಞೆಯನ್ನು ಹೇಳಿದೆ, ಅವರೇ ಟೈಪು ಮಾಡಿದರು.

ಕೈಪಿಡಿಯನ್ನೂ ಪರೀಕ್ಷಿಸದೆ ನಂಬುವವನಲ್ಲ ನಾನು. ಮೇಷ್ಟ್ರು ಗೋಡೆ ಹಿಡಿದು ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದರು. ಫ್ಯಾನು ನಿಂತಿತು. ಮತ್ತೆ ಹಾಕಿ, ಬಂದು ಕಂಪ್ಯೂಟರಿನ ಗುಂಡಿ ಒತ್ತಿದರು. ಇಬ್ಬರೂ ಕಿವಿಗೊಟ್ಟು ಕೂತೆವು... ಆ ಒರಟು ದನಿ, ಯಾರೂ ಎಬ್ಬಿಸದೆ, ತಾನೇ ಎದ್ದು ಬಳಕೆದಾರರ ಹೆಸರು ಕೇಳಿತು. ಮೇಷ್ಟ್ರು ಹಾಜರಿ ಹೇಳುವ ಹುಡುಗನಂತೆ ಎದ್ದು ನಿಂತು, ತಮ್ಮ ಹೆಸರನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಆಮೇಲೆ ಗೇಟಿನ ತನಕ ಬಂದು ನನ್ನ ಕೈ ಹಿಡಿದುಕೊಂಡರು.

“ಇನ್ಮೇಲೆ ಕರೆಂಟ್ ಹೋದ್ರೆ ನೀವ್ ಬರ್ಬೇಕಾಗಿಲ್ಲ. ಸುಮ್ನೆ ಬನ್ನಿ.”

ಅವರಿರುವ ತನಕ ಹಾಗೆಯೇ ಹೋಗುತ್ತಿದ್ದೆ...

ಈಗ ಆ ಮನೆಯಲ್ಲಿ ಬೇರೆ ಸಂಸಾರವಿದೆ. ಒಳ್ಳೆಯ ಜನ. ಏನಾದರೂ ಕೆಟ್ಟರೆ ಕರೆಯುತ್ತಾರೆ, ಹೋಗಿ ನೋಡುತ್ತೇನೆ. ಸುಮ್ಮನೆ ಹೋಗಲು ಮಾತ್ರ ಈಗ ಮನೆಯಿಲ್ಲ.